ಕಟ್ಟೀಮನಿ: ಒಂದು ಅಡ್ಡಹೆಸರಿನ ಒಳಹೊರಗು



ಘಟಪ್ರಭೆಯ ನೀರು ಕುಡಿದು ಬೆಳೆದವನನ್ನು ಕರೆದು, ನಮ್ಮ ನೆಲದ ಮಾತಿನ ಬಗ್ಗೆಯೇ ಮಾತಾಡು ಎಂದಿದ್ದೀರಿ. ಇದಕ್ಕಿಂತ ದೊಡ್ಡ ಗೌರವ ನನಗೆ ಬೇರೆ ಇಲ್ಲ. ಇಂಥ ಉಪನ್ಯಾಸಕ್ಕೆ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಆರಿಸಿಕೊಳ್ಳುವುದು ವಾಡಿಕೆ. ನಾನು ಒಂದೇ ಒಂದು ಶಬ್ದವನ್ನು ಆರಿಸಿಕೊಂಡು ಬಂದಿದ್ದೇನೆ. ಅದು ನಿಘಂಟಿನಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಶಾಲೆಯ ಹಾಜರಿಪಟ್ಟಿ, ಹೊಲದ ಉತಾರ, ಲಗ್ನಪತ್ರಿಕೆಗಳಲ್ಲಿ ಸಿಗುವಂಥದ್ದು. ಆ ಶಬ್ದ ‘ಕಟ್ಟೀಮನಿ’.

ಇದನ್ನೇ ಏಕೆ ಆರಿಸಿಕೊಂಡೆ ಎಂಬುದಕ್ಕೆ ಒಂದು ಕಾರಣವಿದೆ. ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದ ವರ್ಷ, ಹಳ್ಳಿಯ ಶಾಲೆಯೊಂದರಲ್ಲಿ ದಾಖಲಾತಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದು ‘ಅಡ್ಡಹೆಸರ ಕಟ್ಟೀಮನಿ’ ಎಂದಳು. ಆಗಷ್ಟೇ ಕಾಲೇಜಿನಿಂದ ಹೊರಬಿದ್ದಿದ್ದ ನನಗೆ ಗ್ರಂಥಭಾಷೆಯೇ ಶುದ್ಧ ಎಂಬ ನಂಬಿಕೆ. ‘ಕಟ್ಟೆಮನೆ’ ಎಂದು ದುಂಡಗೆ ಬರೆದೆ, ಬರೆದದ್ದನ್ನು ಓದಿಯೂ ಹೇಳಿದೆ. ಅಜ್ಜಿ ಅಕ್ಷರ ಕಲಿತವಳಲ್ಲ. ಆದರೂ ಕಿವಿಗೊಟ್ಟು ಕೇಳಿ, ‘ಅದು ನಮ್ಮ ಮನಿ ಅಲ್ರಿ ಮಾಸ್ತರ, ಬ್ಯಾರೆ ಯಾರದೋ ಇರಬೇಕು’ ಅಂದಳು. ನಾನು ತಿದ್ದಿ ಬರೆದೆ. ಅಂದು ತಿದ್ದಿದ್ದು ಹಾಳೆಯ ಮೇಲಿನ ಅಕ್ಷರಗಳನ್ನು ಮಾತ್ರ. ಅಜ್ಜಿ ತಿದ್ದಿದ್ದು ನನ್ನ ತಿಳಿವಳಿಕೆಯನ್ನು. ಅವಳು ಹೇಳಿದ್ದರ ಅರ್ಥವನ್ನು ಪೂರ್ತಿ ಹಿಡಿಯಲು ನನಗೆ ಬಹಳ ವರ್ಷ ಬೇಕಾಯಿತು. ಹಾಗೆ ಹಿಡಿದಷ್ಟನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಅಡ್ಡಹೆಸರು ಎಂದರೆ

ಮೊದಲು ‘ಅಡ್ಡಹೆಸರು’ ಎಂಬ ಶಬ್ದವನ್ನೇ ನೋಡೋಣ. ಮೈಸೂರು ಕಡೆಯವರಿಗೆ ಅಡ್ಡಹೆಸರೆಂದರೆ ಗೆಳೆಯರು ಸಲಿಗೆಯಿಂದ ಇಟ್ಟ ಹೆಸರು. ನಮಗೆ ಅದು ಮನೆತನದ ಹೆಸರು. ನೆರೆಯ ಮರಾಠಿಯಲ್ಲಿ ಇದಕ್ಕೆ ‘ಆಡನಾವ’ ಎನ್ನುತ್ತಾರೆ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಮೆಟ್ಟಿಲಿನ ಬರವಣಿಗೆ ಆ ಕಡೆಯ ಕಚೇರಿಗಳ ಪದ್ಧತಿ. ಹಳೆಯ ಮೈಸೂರಿನವರು ಊರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟು ಬರೆದರು. ಅದರಿಂದಾಗಿಯೇ ಬೆಂಗಳೂರಿಗೆ ಹೋದ ನಮ್ಮ ಹುಡುಗರಿಗೆ ‘ನಿಮ್ಮ ಇನಿಷಿಯಲ್ ಏನು?’ ಎಂಬ ಪ್ರಶ್ನೆ ಎದುರಾಗುತ್ತದೆ. ನಮ್ಮೂರ ಸಂತೆಯಲ್ಲಾದರೆ ‘ನಿಮ್ಮ ಅಡ್ಡಹೆಸರೇನ್ರಿ?’ ಎಂದೇ ಕೇಳುತ್ತಾರೆ.

ಬರವಣಿಗೆಯ ಪದ್ಧತಿ ಮುಂಬಯಿ ಕಡೆಯಿಂದ ಬಂದಿರಬಹುದು, ಹೆಸರುಗಳು ಮಾತ್ರ ನಮ್ಮವೇ. ಒಂದು ಊರಲ್ಲಿ ಹತ್ತು ಮಂದಿ ಬಸಪ್ಪ, ಹತ್ತು ಮಂದಿ ನಿಂಗವ್ವ ಇದ್ದರೆ ಒಬ್ಬರಿಂದ ಒಬ್ಬರನ್ನು ಬೇರೆ ಮಾಡಿ ಕರೆಯಬೇಕಲ್ಲ. ಮೇಲಿನಮನಿ ಬಸಪ್ಪ, ಹಿತ್ತಲಮನಿ ಬಸಪ್ಪ, ಹೊಸಮನಿ ಬಸಪ್ಪ ಎಂದು ಕರೆದರು. ಇಲ್ಲಿ ಗಮನಿಸಿ, ಕರೆಯುವಾಗ ಅಡ್ಡಹೆಸರು ಮೊದಲು ಬರುತ್ತದೆ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕವಿ ನಮಗೆ ‘ಕುಲಗೋಡ ತಮ್ಮಣ್ಣ’. ಆ ಆಟವನ್ನು ಊರೂರಿಗೆ ಒಯ್ದ ಕಲಾವಿದೆ ‘ಕೌಜಲಗಿ ನಿಂಗಮ್ಮ’. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿ ‘ಆನಂದಕಂದ’ ಎಂಬ ಕಾವ್ಯನಾಮದಲ್ಲಿ ಬರೆದವರು ‘ಬೆಟಗೇರಿ ಕೃಷ್ಣಶರ್ಮ’. ಕಾಗದದ ಮೇಲೆ ಹಿಂದೆ ಸರಿದ ಹೆಸರು ನಾಲಗೆಯ ಮೇಲೆ ಇಂದಿಗೂ ಮುಂದೆಯೇ ಇದೆ. ಯಾವ ಮನೆಯ, ಯಾವ ಊರಿನ ಎಂದು ಮೊದಲು ಹೇಳಿ ಆಮೇಲೆ ಆಳನ್ನು ಹೇಳುವುದು ಕನ್ನಡ ವಾಕ್ಯದ ನಡಿಗೆಗೇ ಒಗ್ಗಿದ ಕ್ರಮ.

ಮನುಷ್ಯರಿಗಷ್ಟೇ ಅಲ್ಲ, ಊರುಗಳಿಗೂ ಹೀಗೆ ಅಡ್ಡಹೆಸರಿದೆ. ಹುಕ್ಕೇರಿ ತಾಲೂಕಿನ ಬಾಗೇವಾಡಿ ‘ಬೆಲ್ಲದ ಬಾಗೇವಾಡಿ’. ಬೆಳಗಾವಿ ಹತ್ತಿರದ್ದು ‘ಹಿರೇ ಬಾಗೇವಾಡಿ’. ವಿಜಯಪುರ ಜಿಲ್ಲೆಯದು ‘ಬಸವನ ಬಾಗೇವಾಡಿ’. ಮೂರು ಬಾಗೇವಾಡಿಗಳನ್ನು ಬೇರೆ ಮಾಡಲು ಒಂದಕ್ಕೆ ಬೆಲ್ಲವನ್ನೂ ಒಂದಕ್ಕೆ ಹಿರಿತನವನ್ನೂ ಒಂದಕ್ಕೆ ಬಸವಣ್ಣನನ್ನೂ ಅಂಟಿಸಿದ ಜನ, ಮೂವರು ಬಸಪ್ಪರನ್ನು ಬೇರೆ ಮಾಡಿದ್ದೂ ಇದೇ ಜಾಣತನದಿಂದ.

ಒಂದು ದೀರ್ಘದ ಕತೆ

ಈಗ ನಮ್ಮ ಶಬ್ದಕ್ಕೆ ಬರೋಣ. ಗ್ರಂಥಭಾಷೆಯ ‘ಮನೆ’ ನಮ್ಮ ಬಾಯಲ್ಲಿ ‘ಮನಿ’. ‘ಕಟ್ಟೆ’ ನಮ್ಮಲ್ಲಿ ‘ಕಟ್ಟಿ’. ಎಮ್ಮೆ ಎಮ್ಮಿ, ಎಲೆ ಎಲಿ, ಕೆರೆ ಕೆರಿ. ಎಕಾರದಲ್ಲಿ ಮುಗಿಯುವ ಶಬ್ದ ಇಕಾರಕ್ಕೆ ತಿರುಗುವುದು ಈ ಭಾಗದ ಆಡುಮಾತಿನ ನಿಯಮ. ಹಾಗಾದರೆ ‘ಕಟ್ಟಿಮನಿ’ ಎಂದಾಗಬೇಕಿತ್ತು. ನಡುವೆ ದೀರ್ಘ ಎಲ್ಲಿಂದ ಬಂತು?

ನಮ್ಮ ಮನೆಯ ಹೆಂಗಸರ ಮಾತನ್ನು ಕೇಳಿ. ‘ಮನಿ ಕಟ್ಸ್ಯಾರ’ ಎನ್ನುವಾಗ ‘ಮನಿ’ ಹ್ರಸ್ವ. ‘ಮನೀ ಮುಂದ ನೀರ ಹೊಡಿ’ ಎನ್ನುವಾಗ ದೀರ್ಘ. ‘ಎಮ್ಮಿ ಈಯ್ತು’ ಎಂದರೆ ಹ್ರಸ್ವ, ‘ಎಮ್ಮೀ ಹಾಲ’ ಎಂದರೆ ದೀರ್ಘ. ‘ಗಾಡಿ ಬಂತು’, ‘ಗಾಡೀ ಗಾಲಿ’. ಗ್ರಂಥಭಾಷೆಯಲ್ಲಿ ‘ಮನೆಯ’, ‘ಎಮ್ಮೆಯ’, ‘ಗಾಡಿಯ’ ಎಂದು ಬಿಡಿಸಿ ಹೇಳುವ ಷಷ್ಠೀ ವಿಭಕ್ತಿಯನ್ನು ನಮ್ಮವರು ಒಂದು ಎಳೆತದಲ್ಲಿ ಮುಗಿಸುತ್ತಾರೆ. ‘ಕಟ್ಟೆಯ ಮನೆ’ ‘ಕಟ್ಟೀ ಮನಿ’ ಆದದ್ದು ಹೀಗೆ. ಆ ದೀರ್ಘವೇ ‘ಯ’ಕಾರ. ಅದನ್ನು ಕಳೆದರೆ ಕಟ್ಟೆಗೂ ಮನೆಗೂ ಇರುವ ಸಂಬಂಧವೇ ಕಳಚಿ ಬೀಳುತ್ತದೆ. ಅಕ್ಷರ ಬಾರದ ಅಜ್ಜಿಯ ಕಿವಿ ಹಿಡಿದದ್ದು ಇದನ್ನೇ. ಅವಳಿಗೆ ವಿಭಕ್ತಿಯ ಹೆಸರು ಗೊತ್ತಿರಲಿಲ್ಲ, ವಿಭಕ್ತಿ ಗೊತ್ತಿತ್ತು.

ನಮ್ಮ ಅಡ್ಡಹೆಸರುಗಳಲ್ಲಿ ಇಂಥ ವ್ಯಾಕರಣ ತುಂಬಿಕೊಂಡಿದೆ. ‘ಬೆಲ್ಲದ’, ‘ಹಡಪದ’ ಎಂಬ ಅಡ್ಡಹೆಸರುಗಳು ಬರೀ ವಿಭಕ್ತಿಯಲ್ಲೇ ನಿಂತುಬಿಟ್ಟಿವೆ. ಬೆಲ್ಲದ ಯಾರು? ಬೆಲ್ಲದ ವ್ಯಾಪಾರದ ಮನೆಯವರು. ಹಡಪದ ಯಾರು? ಹಡಪದ ಕಾಯಕದವರು. ಮುಂದಿನ ಶಬ್ದ ಕೇಳುವವರಿಗೆ ತಿಳಿದೇ ಇದ್ದುದರಿಂದ ಅದನ್ನು ಬಿಟ್ಟುಬಿಟ್ಟರು. ‘ಮಡಿವಾಳರ’ ಎಂಬುದೂ, ‘ನವರ’ ಎಂದು ಕೊನೆಗೊಳ್ಳುವ ನೂರಾರು ಹೆಸರುಗಳೂ ಹಾಗೆಯೇ. ಅಂದರೆ ನಮ್ಮ ಅಡ್ಡಹೆಸರು ‘ನಾನು ಇಂಥವನು’ ಎನ್ನುವುದಕ್ಕಿಂತ ‘ನಾನು ಇಂಥವರ ಪೈಕಿ’ ಎನ್ನುತ್ತದೆ.

ಯಾವ ಕಟ್ಟೆ?

‘ಕಟ್ಟು’ ಎಂಬ ಕ್ರಿಯಾಪದ ಕನ್ನಡದ ಬಹುದೊಡ್ಡ ಕುಟುಂಬದ ತಾಯಿ. ಕಟ್ಟಿದ್ದು ಕಟ್ಟೆ, ಕಟ್ಟಿದ್ದೇ ಕಟ್ಟಡ. ನೀರಿಗೆ ಅಡ್ಡಲಾಗಿ ಕಟ್ಟಿದ್ದೂ ಕಟ್ಟೆ, ಮರದ ಸುತ್ತ ಕಟ್ಟಿದ್ದೂ ಕಟ್ಟೆ. ಜನರ ನಡತೆಗೆ ಕಟ್ಟಿದ್ದು ಕಟ್ಟುಪಾಡು, ಕಟ್ಟಳೆ. ಕಲ್ಲಿನ ಕಟ್ಟೆಯೂ ಮಾತಿನ ಕಟ್ಟಳೆಯೂ ಒಂದೇ ಬೇರಿನವು. ಈ ಎರಡೂ ಕೂಡಿದ ಜಾಗವೇ ‘ಕಟ್ಟೀಮನಿ’.

ಅದರ ಸರಳವಾದ ಅರ್ಥ ಕಟ್ಟೆ ಇರುವ ಮನೆ. ನಮ್ಮ ಕಡೆಯ ಹಳೆಯ ಮನೆಗಳ ಮುಂದೆ, ಬಾಗಿಲ ಎರಡೂ ಬದಿಗೆ ಕಲ್ಲು ಮಣ್ಣಿನ ಕಟ್ಟೆ ಇರುತ್ತದೆ. ದಾರಿಹೋಕ ಅಲ್ಲಿ ಗಂಟು ಇಳಿಸಬಹುದು. ಮಳೆ ಬಂದರೆ ಯಾರಾದರೂ ಅಲ್ಲಿ ನಿಲ್ಲಬಹುದು. ಒಳಗಿನ ಮನೆ ಮನೆಯವರದು, ಹೊರಗಿನ ಕಟ್ಟೆ ಅರ್ಧ ಊರಿನದು.

ಇದರೊಡನೆ ಇನ್ನೊಂದು ಅರ್ಥವೂ ಬೆಳೆದುಬಂದಿದೆ. ಚಿತ್ರದುರ್ಗ, ಚಳ್ಳಕೆರೆ ಸೀಮೆಗೆ ಹೋದರೆ ಕಾಡುಗೊಲ್ಲರಲ್ಲಿ, ಮ್ಯಾಸನಾಯಕರಲ್ಲಿ ‘ಕಟ್ಟೆಮನೆ’ ಎಂಬುದು ಇಂದಿಗೂ ಬಳಕೆಯಲ್ಲಿರುವ ಶಬ್ದ. ಹಲವು ಹಟ್ಟಿಗಳು ಸೇರಿ ಒಂದು ಕಟ್ಟೆಮನೆ. ಕುಲದ ದೇವರ ಕಾರ್ಯ, ಹಬ್ಬದ ಹಕ್ಕು, ಜಗಳದ ತೀರ್ಮಾನ ಎಲ್ಲಕ್ಕೂ ಅದೇ ನೆಲೆ. ಸುಳ್ಯ, ಕೊಡಗಿನ ಅರೆಭಾಷೆ ಗೌಡರಲ್ಲೂ ಕಟ್ಟೆಮನೆ ಎಂಬ ವ್ಯವಸ್ಥೆ ಇತ್ತು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಕುಲದ ನ್ಯಾಯ ಹೇಳುವ ಹಿರಿಯನನ್ನೂ ಅವನ ಮನೆತನವನ್ನೂ ‘ಕಟ್ಟೀಮನಿ’ ಎಂದರು. ತೆಂಕಣದಲ್ಲಿ ಸಂಸ್ಥೆಯ ಹೆಸರಾಗಿ ಉಳಿದದ್ದು ಬಡಗಣದಲ್ಲಿ ಮನೆಯವರ ಹೆಸರಾಗಿ ಉಳಿಯಿತು. ಪ್ರತಿ ಸಮುದಾಯಕ್ಕೂ ತನ್ನ ಕಟ್ಟೆ ಬೇಕಾಗಿದ್ದುದರಿಂದ ಈ ಹೆಸರು ಒಂದೇ ಜಾತಿಯ ಸೊತ್ತಾಗಲಿಲ್ಲ. ಲಿಂಗಾಯತರಲ್ಲೂ ವಾಲ್ಮೀಕಿ ಸಮುದಾಯದಲ್ಲೂ ದಲಿತರಲ್ಲೂ ಕಟ್ಟೀಮನಿಯವರಿದ್ದಾರೆ. ಅಡ್ಡಹೆಸರು ಕೇಳಿ ಜಾತಿ ಎಣಿಸುವ ಕೆಟ್ಟ ಚಾಳಿ ನಮ್ಮಲ್ಲಿದೆ. ಆ ಚಾಳಿಗೆ ಈ ಹೆಸರು ಸಿಕ್ಕುವುದಿಲ್ಲ. ಇದಕ್ಕಾಗಿಯೂ ನನಗೆ ಈ ಹೆಸರಿನ ಮೇಲೆ ಪ್ರೀತಿ.

ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ, ತಳವಾರ, ಇವೂ ಹುದ್ದೆಯಿಂದ ಬಂದ ಅಡ್ಡಹೆಸರುಗಳೇ. ಅವುಗಳ ಬೆನ್ನಿಗೆ ಸರಕಾರವಿತ್ತು, ವತನದ ಜಮೀನಿತ್ತು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯದೆ ಆ ವತನಗಳನ್ನು ಲೆಕ್ಕಕ್ಕೆ ತಂದಿತು. ಪಾಟೀಲ, ತಳವಾರರಂಥ ಹಳ್ಳಿಯ ಹುದ್ದೆಗಳನ್ನು 1961ರಲ್ಲಿ ಬಂದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯದೆ ಮುಗಿಸಿತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಕಟ್ಟೀಮನಿಯ ಕತೆ ಬೇರೆ. ಅದನ್ನು ಕೊಟ್ಟಿದ್ದು ಕುಲದ ಜನ, ಅದರ ಬಲ ಮಾತಿನದು. ಕಟ್ಟೆಯ ಮೇಲೆ ಕುಳಿತವನ ಮಾತಿಗೆ ಜನ ಒಪ್ಪಿ ತಲೆಬಾಗುವಷ್ಟು ಕಾಲವೇ ಆ ಹೆಸರಿಗೆ ಅರ್ಥ.

ನಿತ್ಯದ ಬಳಕೆಯಲ್ಲಿ

ಹೆಸರಿನ ಜೀವ ಇರುವುದು ಬಳಕೆಯಲ್ಲಿ. ಶಾಲೆಯಲ್ಲಿ ಮಾಸ್ತರು ‘ಕಟ್ಟೀಮನಿ’ ಎಂದು ಕೂಗಿದರೆ ಹುಡುಗ ‘ಹಾಜರ್ರೀ’ ಎನ್ನುತ್ತಾನೆ. ಓಣಿಯಲ್ಲಿ ಅವನೇ ‘ಕಟ್ಟೀಮನ್ಯಾರ ಹುಡುಗ’. ಅವರ ಹೊಲ ‘ಕಟ್ಟೀಮನ್ಯಾರ ಹೊಲ’, ಅವರ ಮನೆಯ ಸೊಸೆ ‘ಕಟ್ಟೀಮನ್ಯಾರ ಸೊಸಿ’. ಹೊಲ ಮಾರಿಹೋದರೂ ಆ ಹೆಸರು ಒಂದು ತಲೆಮಾರಾದರೂ ಹೊಲಕ್ಕೆ ಅಂಟಿಕೊಂಡಿರುತ್ತದೆ. ಬೀಗತನದ ಮಾತು ಶುರುವಾಗುವುದೇ ‘ಯಾವ ಕಟ್ಟೀಮನಿಯವರ ಪೈಕಿ?’ ಎಂಬ ಪ್ರಶ್ನೆಯಿಂದ. ಆ ‘ಪೈಕಿ’ ಎಂಬ ಶಬ್ದದ ಹಿಂದೆ ಊರು, ಸೋದರಮಾವ, ಮಠ, ದೇವರು, ಹಳೆಯ ಜಗಳ, ಹಳೆಯ ಉಪಕಾರ ಎಲ್ಲವೂ ಇರುತ್ತವೆ. ಲಗ್ನಪತ್ರಿಕೆಯ ಕೆಳಗೆ ‘ಕಟ್ಟೀಮನಿ ಬಂಧುಗಳು’ ಎಂದು ಅಚ್ಚಾದಾಗ ಮುಂಬಯಿ, ಪುಣೆ, ಗೋವೆಗೆ ದುಡಿಯಲು ಹೋದವರೂ ಆ ಒಂದು ಸಾಲಿನೊಳಗೆ ಬಂದು ನಿಲ್ಲುತ್ತಾರೆ.

ಊರಿನಿಂದ ಬಂದ ಅಡ್ಡಹೆಸರುಗಳ ಬಳಕೆ ಇನ್ನೊಂದು ಬಗೆಯದು. ಗೋಕಾಕಿನಲ್ಲೇ ಇರುವವನನ್ನು ‘ಗೋಕಾಕ’ ಎಂದು ಕರೆದರೆ ಯಾರನ್ನು ಕರೆದಂತಾಯಿತು? ಊರ ಹೆಸರು ಮನೆಯ ಹೆಸರಾಗಬೇಕಾದರೆ ಊರು ಬಿಟ್ಟಿರಬೇಕು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಸಾವಿರ ಹಾಡುಗಳ ಸರದಾರರೆಂದು ಹೆಸರಾದ ಹುಕ್ಕೇರಿ ಬಾಳಪ್ಪನವರು ಸವದತ್ತಿ ಸೀಮೆಯ ಮುರಗೋಡದವರು. ಹಿರಿಯರು ಯಾವಾಗಲೋ ದಾಟಿಬಂದ ಊರನ್ನು ಮಕ್ಕಳು ಹೆಸರಿನಲ್ಲಿ ಹೊತ್ತು ನಡೆದರು. 1981ರಲ್ಲಿ ಆ ವಿನಾಯಕರ ಹೆಸರಿನ ಗೋಕಾಕ ಸಮಿತಿಯ ವರದಿ ಬಂತು, 1982ರಲ್ಲಿ ನಾಡೆಲ್ಲ ‘ಗೋಕಾಕ ಚಳವಳಿ’ ಎದ್ದಿತು. ಚಳವಳಿಯ ಕಾವು ಧಾರವಾಡ, ಬೆಂಗಳೂರುಗಳ ಬೀದಿಯಲ್ಲಿತ್ತು, ಹೆಸರು ಮಾತ್ರ ಈ ಜಲಪಾತದ ಊರಿನದು. ದೂರದ ಎಷ್ಟೋ ಮಕ್ಕಳು ಆ ಚಳವಳಿ ಗೋಕಾಕದಲ್ಲೇ ನಡೆಯಿತೆಂದು ತಿಳಿದಿರುವುದನ್ನು ಕಂಡಿದ್ದೇನೆ. ಕನ್ನಡಕ್ಕಾಗಿ ನಡೆದ ದೊಡ್ಡ ಹೋರಾಟಕ್ಕೆ ಒಂದು ಅಡ್ಡಹೆಸರಿನ ದಾರಿಯಿಂದ ನಮ್ಮೂರ ಹೆಸರು ಸೇರಿಕೊಂಡಿತಲ್ಲ, ಅದು ನಮ್ಮ ಭಾಗ್ಯ.

ಕಸುಬಿನಿಂದ ಬಂದ ಹೆಸರುಗಳೂ ನಮ್ಮಲ್ಲಿ ದಂಡಿಯಾಗಿವೆ. ಬಡಿಗೇರ, ಪತ್ತಾರ, ಹೂಗಾರ, ಗಾಣಿಗೇರ, ಕುಂಬಾರ, ಕಂಬಾರ. ಗ್ರಂಥಭಾಷೆಯ ‘ಕಮ್ಮಾರ’ ನಮ್ಮಲ್ಲಿ ‘ಕಂಬಾರ’. ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ ಗೋಕಾಕಿನಲ್ಲಿ ಕಲಿತ ಚಂದ್ರಶೇಖರ ಕಂಬಾರರು ತಮ್ಮ ಮನೆಯ ಹೆಸರನ್ನು ಆಡುಮಾತಿನ ರೂಪದಲ್ಲೇ ಉಳಿಸಿಕೊಂಡರು, ಆ ಆಡುಮಾತಿನಲ್ಲೇ ಕಾವ್ಯ, ನಾಟಕ ಕಟ್ಟಿದರು. 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಾಗ ದೇಶವೆಲ್ಲ ಉಚ್ಚರಿಸಿದ್ದು ಆ ‘ಂಬಾ’ವನ್ನೇ. ಹೆಸರನ್ನು ‘ಶುದ್ಧ’ ಮಾಡದೆ ಬಿಟ್ಟದ್ದರಿಂದ ಒಂದು ಸೀಮೆಯ ಉಸಿರು ಉಳಿಯಿತು.

ಅಕ್ಷರ ದಾಟುವಾಗ ಆಗುವ ಗಾಯ

ಇವತ್ತು ಹೆಸರುಗಳಿಗೆ ದೊಡ್ಡ ಪೆಟ್ಟು ಬೀಳುತ್ತಿರುವುದು ಲಿಪಿಯಿಂದ ಲಿಪಿಗೆ ದಾಟುವ ಕಡೆ. ಹುಟ್ಟಿದ ಮಗುವಿನ ಹೆಸರು ಮೊದಲು ಇಂಗ್ಲಿಷಿನಲ್ಲಿ ಟೈಪಾಗುತ್ತದೆ, ಅದನ್ನು ಯಂತ್ರ ಮತ್ತೆ ಕನ್ನಡಕ್ಕೆ ತಿರುಗಿಸುತ್ತದೆ. ಇಂಗ್ಲಿಷಿನ ಒಂದೇ ಅಕ್ಷರದಲ್ಲಿ ನಮ್ಮ ‘ಟ’ವೂ ಇದೆ, ‘ತ’ವೂ ಇದೆ. ಒಂದೇ ಅಕ್ಷರದಲ್ಲಿ ‘ನ’ವೂ ‘ಣ’ವೂ ಇವೆ. ಹ್ರಸ್ವ, ದೀರ್ಘದ ಲೆಕ್ಕವೇ ಇಲ್ಲ. ಹೀಗಾಗಿ ‘ಕಟ್ಟೀಮನಿ’ ಹೋಗಿ ಮರಳುವಾಗ ‘ಕಟ್ಟಿಮಣಿ’ಯಾಗಿ, ‘ಕತ್ತಿಮನಿ’ಯಾಗಿ ಬರುತ್ತದೆ. ಮನೆ ಹೋಗಿ ಮಣಿಯಾಯಿತು, ಕಟ್ಟೆ ಹೋಗಿ ಕತ್ತಿಯಾಯಿತು. ಜನ ಕೂತು ಮಾತಾಡಿ ಜಗಳ ಮುಗಿಸುತ್ತಿದ್ದ ಕಟ್ಟೆಯ ಜಾಗದಲ್ಲಿ ಕತ್ತಿ ಬಂದು ನಿಲ್ಲುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕತ್ತಿ ಎಂಬುದೂ ಈ ನೆಲದ ಗೌರವದ ಅಡ್ಡಹೆಸರೇ. ಹುಕ್ಕೇರಿಯನ್ನು ಹಲವು ಬಾರಿ ವಿಧಾನಸಭೆಯಲ್ಲಿ ಪ್ರತಿನಿಧಿಸಿದ ದಿವಂಗತ ಉಮೇಶ ಕತ್ತಿಯವರ ಹೆಸರು ನಿಮಗೆಲ್ಲ ಗೊತ್ತು. ‘ಕಟ್ಟಿ’ ಎಂಬುದು ಬೇರೆಯೇ ಅಡ್ಡಹೆಸರು. ಕನ್ನಡದಲ್ಲಿ ಇವೆರಡನ್ನು ಯಾರೂ ಒಂದೆಂದು ತಿಳಿಯುವುದಿಲ್ಲ; ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ. ತಂದೆಯ ಕಾಗದದಲ್ಲಿ ಒಂದು ಬಗೆ, ಮಗನ ಕಾಗದದಲ್ಲಿ ಇನ್ನೊಂದು ಬಗೆ ಬಿದ್ದರೆ ಅದನ್ನು ಸರಿಪಡಿಸಲು ಬಡವರು ದಿನಗೂಲಿ ಬಿಟ್ಟು ಓಡಾಡಬೇಕು. ನನ್ನ ಶಿಷ್ಯನೊಬ್ಬನಿಗೆ ಹಾಗೆ ಆಯಿತು. ವಾರಸಾ ನೋಂದಣಿಯ ಹೊತ್ತಿಗೆ ತಂದೆ ಕಟ್ಟೀಮನಿ, ಮಗ ಕತ್ತಿಮನಿ. ಇಬ್ಬರೂ ಒಂದೇ ಮನೆಯವರೆಂದು ಪ್ರಮಾಣ ಮಾಡಿ ಹೇಳಬೇಕಾಯಿತು. ಒಂದು ಒತ್ತಕ್ಷರ ಬೇರೆಯಾದರೆ ತಂದೆ ಮಗನ ನಡುವೆ ಗೋಡೆ ಏಳುತ್ತದೆ. ಅಕ್ಷರದ ಕೆಲಸ ಮಾಡುವ ನಾವು ಇದನ್ನು ಸಣ್ಣ ಸಂಗತಿ ಎನ್ನಬಾರದು.

ಕಟ್ಟೆಯ ನೆರಳು

ಕಟ್ಟೆಯನ್ನು ಇಷ್ಟು ಹೊಗಳಿದ ಮೇಲೆ ಅದರ ನೆರಳಿನ ಮಾತನ್ನೂ ಆಡದಿದ್ದರೆ ಅದು ಪ್ರಾಮಾಣಿಕತೆಯಲ್ಲ. ಕಟ್ಟೆಯ ಮೇಲೆ ಕುಳಿತವರು ಯಾರು, ಕೆಳಗೆ ನಿಂತವರು ಯಾರು? ಒಂದು ಕುಲದ ಕಟ್ಟೆಯನ್ನು ಇನ್ನೊಂದು ಕುಲದವರು ತುಳಿಯುವಂತಿರಲಿಲ್ಲ. ಹೆಂಗಸರ ಬಾಳಿನ ತೀರ್ಮಾನ ಅಲ್ಲಿ ಆಗುತ್ತಿತ್ತು, ಹೆಂಗಸರಿಗೆ ಅಲ್ಲಿ ಕೂಡ್ರುವ ಜಾಗ ಇರಲಿಲ್ಲ. ನ್ಯಾಯ ಹೇಳುವ ಬಾಯಿ ದಂಡವನ್ನೂ ಹೇಳಿತು, ಬಹಿಷ್ಕಾರವನ್ನೂ ಹೇಳಿತು. ಬೆಂಕಿ ಕೊಡಬೇಡಿ, ನೀರು ಕೊಡಬೇಡಿ ಎಂದು ಒಂದು ಮನೆಯನ್ನು ಊರಿಗೆ ಊರೇ ದೂರ ಮಾಡಿದ ಕಟ್ಟೆಗಳೂ ಇದ್ದವು. ನೆರೆಯ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು ಎಂದರೆ ಈ ರೋಗ ಎಷ್ಟು ಹಳೆಯದು, ಎಷ್ಟು ಹಟದ್ದು ಎಂದು ತಿಳಿಯುತ್ತದೆ.

ಅಡ್ಡಹೆಸರಿನಲ್ಲಿ ಹೆಣ್ಣಿನ ಪಾಡೂ ಇದೆ. ಹುಟ್ಟಿದ ಮನೆಯ ಹೆಸರು ಅವಳಿಗೆ ಮದುವೆಯವರೆಗೆ ಮಾತ್ರ. ಲಗ್ನವಾದ ಮೇಲೆ ಮೂರು ಮೆಟ್ಟಿಲಿನಲ್ಲಿ ಎರಡು ಮೆಟ್ಟಿಲು ಬದಲಾಗುತ್ತವೆ. ಅವಳದೆಂದು ಉಳಿಯುವುದು ಮೊದಲಿನದೊಂದೇ. ನನ್ನ ಶಾಲೆಯ ದಾಖಲೆಯನ್ನು ತಿದ್ದಿಸಿದ ಅಜ್ಜಿಯನ್ನೇ ನೋಡಿ. ಆ ಹೆಸರು ಅವಳು ಹುಟ್ಟಿದ ಮನೆಯದಲ್ಲ, ಕೊಟ್ಟ ಮನೆಯದು. ಆದರೂ ಆ ಮನೆಯ ಹೆಸರಿನ ದೀರ್ಘವನ್ನು ಕಾಯ್ದವಳು ಅವಳು. ಮನೆತನದ ಹೆಸರು ಗಂಡಸರ ಸಾಲಿನಲ್ಲಿ ಇಳಿದುಬರುತ್ತದೆ ಎನ್ನುತ್ತೇವೆ. ಅದನ್ನು ಮಕ್ಕಳ ಬಾಯಿಗೆ ಸರಿಯಾಗಿ ಇಟ್ಟವರು ಬೇರೆ ಮನೆಯಿಂದ ಬಂದ ಹೆಂಗಸರು.

ಹೆಸರಿಗೆ ಹೊಸ ಅರ್ಥ ಕೊಟ್ಟವರು

ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರ ಅಕ್ಟೋಬರ್ 5ರಂದು ಹುಟ್ಟಿದ ಒಬ್ಬರು ಈ ಹೆಸರನ್ನು ಕನ್ನಡ ನಾಡಿನ ಮನೆಮನೆಗೆ ಒಯ್ದರು. ಅವರು ಬಸವರಾಜ ಕಟ್ಟೀಮನಿ. 1942ರ ಚಲೇಜಾವ್ ಚಳವಳಿಯಲ್ಲಿ ಜೈಲು ಕಂಡವರು. ಪತ್ರಕರ್ತರಾಗಿ ದುಡಿದವರು. ‘ಮಾಡಿ ಮಡಿದವರು’ ಕಾದಂಬರಿಯಲ್ಲಿ ಸ್ವಾತಂತ್ರ್ಯಕ್ಕಾಗಿ ಜೀವ ತೆತ್ತ ಹಳ್ಳಿಗರನ್ನು ನಿಲ್ಲಿಸಿದರು. ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಯಲ್ಲಿ ಪತ್ರಿಕೆಗಳ ಒಡಲಿನ ಬೆಂಕಿಯನ್ನು ತೋರಿಸಿದರು. ಅದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ‘ಜರತಾರಿ ಜಗದ್ಗುರು’ ಬರೆದು ಪೀಠಗಳ ಪೊಳ್ಳನ್ನು ಪ್ರಶ್ನಿಸಿದರು. 1980ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1989ರಲ್ಲಿ ತೀರಿಕೊಂಡರು.

ಅವರ ಪುಸ್ತಕಗಳನ್ನು ಓದುವಾಗಲೆಲ್ಲ ಆ ಹೆಸರಿನ ಅರ್ಥ ನನ್ನ ಕಣ್ಣ ಮುಂದೆ ಬರುತ್ತದೆ. ಹಿಂದೆ ಕಟ್ಟೆಯ ಮೇಲೆ ಕುಳಿತು ಕುಲದವರ ನ್ಯಾಯ ಹೇಳುತ್ತಿದ್ದವನನ್ನು ಕಟ್ಟೀಮನಿ ಎಂದರು. ಈ ಕಟ್ಟೀಮನಿ ಕೆಳಗೆ ನಿಂತವರ ಪರವಾಗಿ ಮೇಲೆ ಕುಳಿತವರನ್ನು ವಿಚಾರಣೆಗೆ ಕರೆದರು. ಕೂಲಿಕಾರ, ರೈತ, ಮೋಸಹೋದ ಹೆಣ್ಣು, ಕೆಲಸ ಕಳೆದುಕೊಂಡ ಪತ್ರಕರ್ತ, ಇವರೆಲ್ಲ ಅವರ ಕಾದಂಬರಿಗಳಲ್ಲಿ ಬಂದು ಸಾಕ್ಷಿ ಹೇಳಿದರು. ಹಳೆಯ ಕಟ್ಟೆಗೆ ಬರಲಾಗದಿದ್ದವರಿಗೆ ಅವರ ಬರವಣಿಗೆ ಕಟ್ಟೆಯಾಯಿತು. ಇನ್ನೊಬ್ಬರು ಪ್ರೊ. ತೇಜಸ್ವಿ ಕಟ್ಟೀಮನಿ. ಅವರು ದೂರದ ಅಮರಕಂಟಕದಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಬುಡಕಟ್ಟು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಬುಡಕಟ್ಟು ಮಕ್ಕಳು ಕಲಿಯುವ ಕಟ್ಟೆಗೆ ಈ ಹೆಸರಿನವರು ಹಿರಿಯರಾದದ್ದನ್ನು ಕೇಳಿ ನನಗೆ ಸಂತೋಷವಾಯಿತು.

ವಿಷಾದದ ಸಂಗತಿಯೆಂದರೆ, ಬಸವರಾಜರ ಹೆಸರೂ ಅಚ್ಚಿನಲ್ಲಿ ಒಂದೇ ಬಗೆಯಾಗಿ ಇಲ್ಲ. ಒಂದು ಪುಸ್ತಕದಲ್ಲಿ ದೀರ್ಘವಿದೆ, ಇನ್ನೊಂದು ಲೇಖನದಲ್ಲಿ ಹ್ರಸ್ವವಿದೆ. ನಾಡಿನ ದೊಡ್ಡ ಲೇಖಕರ ಹೆಸರಿಗೇ ಹೀಗಾದರೆ ಹಳ್ಳಿಯ ಹುಡುಗನ ಹೆಸರನ್ನು ಯಾರು ಕಾಯಬೇಕು?

ನನ್ನ ಬಿನ್ನಹ

ನಾವು ಕಾಯಬೇಕು ಎಂದು ಹೇಳಲಿಕ್ಕೇ ಇಷ್ಟು ದೂರ ಬಂದೆ. ಶಿಕ್ಷಕರಲ್ಲಿ ನನ್ನ ಬಿನ್ನಹ ಇದು. ಮಗುವಿನ ಹೆಸರನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಬರೆದದ್ದನ್ನು ತಾಯಿಗೋ ಅಜ್ಜಿಗೋ ಗಟ್ಟಿಯಾಗಿ ಓದಿ ಹೇಳಿರಿ. ಅವರು ‘ಹೌದು’ ಎಂದ ಮೇಲೆ ಇಂಗ್ಲಿಷಿಗೆ ಹೋಗಿರಿ. ಹಿಂದೆ ಜೂನ್ 1ನ್ನು ಹುಟ್ಟಿದ ದಿನವೆಂದು ಬರೆದು ಎಷ್ಟೋ ಮಕ್ಕಳ ನಿಜವಾದ ಹುಟ್ಟುದಿನವನ್ನು ನಾವೇ ಅಳಿಸಿಬಿಟ್ಟೆವು. ಹೆಸರಿಗೂ ಹಾಗೆ ಮಾಡುವುದು ಬೇಡ.

ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು. ನಿಮ್ಮ ತರಗತಿಯ ಅಡ್ಡಹೆಸರುಗಳನ್ನು ಒಂದು ವಹಿಯಲ್ಲಿ ಬರೆಯಿರಿ. ಮನೆಗೆ ಹೋಗಿ ಅದರ ಅರ್ಥವನ್ನು ಹಿರಿಯರಿಂದ ಕೇಳಿರಿ. ಹೊಸಮನಿ ಎಂದು ಹೊಸದಾಯಿತು, ಹಿತ್ತಲಮನಿಯ ಹಿತ್ತಲು ಎಲ್ಲಿತ್ತು, ನಿಮ್ಮ ಕಟ್ಟೆ ಯಾವ ಮರದ ಕೆಳಗಿತ್ತು ಎಂದು ಬರೆದುಕೊಳ್ಳಿರಿ. ತಾಯಿಯ ತವರಿನ ಅಡ್ಡಹೆಸರನ್ನೂ ಮರೆಯದೆ ಬರೆಯಿರಿ, ಅವಳ ತಾಯಿಯದನ್ನೂ ಬರೆಯಿರಿ. ಆಗ ನಿಮ್ಮ ಹಿಂದೆ ಎಷ್ಟು ಮನೆಗಳಿವೆ ಎಂದು ನಿಮಗೇ ತಿಳಿಯುತ್ತದೆ. ಆದರೆ ಇದನ್ನು ಯಾರ ಜಾತಿ ಯಾವುದೆಂದು ಎಣಿಸಲು ಮಾಡಬೇಡಿರಿ. ಹಾಗೆ ಮಾಡಿದರೆ ವಹಿ ಹರಿದುಹಾಕುವುದೇ ಲೇಸು.

ಕಟ್ಟೀಮನಿ ಎಂಬ ಹೆಸರನ್ನು ಹೊತ್ತವರಿಗೂ ಒಂದು ಮಾತು ಹೇಳುವ ಸಲಿಗೆ ತೆಗೆದುಕೊಳ್ಳುತ್ತೇನೆ. ನಿಮ್ಮ ಹಿರಿಯರ ನ್ಯಾಯದ ಪೀಠ ಇಂದು ಕೋರ್ಟಿಗೆ, ಪಂಚಾಯತಿಗೆ ಹೋಗಿದೆ. ಹೋಗಿದ್ದು ಒಳ್ಳೆಯದೇ ಆಯಿತು. ನಿಮಗೆ ಉಳಿದಿರುವುದು ಮನೆಯ ಮುಂದಿನ ಕಟ್ಟೆ. ಹೊಸ ಮನೆ ಕಟ್ಟಿಸುವಾಗ ಗೇಟು, ಕಂಪೌಂಡುಗಳ ಭರದಲ್ಲಿ ಅದನ್ನು ಬಿಡಬೇಡಿರಿ. ಬಿಸಿಲಲ್ಲಿ ಬಂದವರು ಯಾವ ಕುಲ ಎಂದು ಕೇಳಿಸಿಕೊಳ್ಳದೆ ಕೂಡ್ರುವಷ್ಟು ಜಾಗ ಅಲ್ಲಿರಲಿ. ಆ ಹೆಸರಿನ ಮೊದಲ ಅರ್ಥ ಅದೇ ಅಲ್ಲವೇ?

ಆ ಅಜ್ಜಿಯ ಮೊಮ್ಮಗ ನಾಲ್ಕು ವರ್ಷ ನನ್ನ ಕೈಕೆಳಗೆ ಕಲಿತ. ಪ್ರತಿ ಮುಂಜಾನೆ ಹಾಜರಿ ಕರೆಯುವಾಗ ಅವನ ಹೆಸರಿಗೆ ಬಂದಾಗ ನಾನು ಆ ದೀರ್ಘವನ್ನು ಕಿವಿತುಂಬ ಎಳೆದು ಕರೆಯುತ್ತಿದ್ದೆ. ಅವನು ಎದ್ದು ನಿಂತು ‘ಹಾಜರ್ರೀ’ ಎನ್ನುತ್ತಿದ್ದ. ಇಂದು ನಿಮ್ಮೆದುರು ಆ ಹೆಸರನ್ನು ಮತ್ತೊಮ್ಮೆ, ಅಜ್ಜಿ ಹೇಳಿಕೊಟ್ಟಂತೆಯೇ ಕರೆದಿದ್ದೇನೆ.